ಸುಟ್ಟ ವಿಮಾನ, ಮುರಿದ ವಿಮಾನ, ಮತ್ತೆ ಹಾರಿದ ವಿಮಾನ

ಒಂದರ ಹಿಂಭಾಗ ಸುಟ್ಟಿತ್ತು, ಇನ್ನೊಂದರ ಮೂತಿ ಮುರಿದಿತ್ತು. ಎರಡೂ ಅಮೆರಿಕದ ವಾಯುಪಡೆಯ ಎಫ್-35 ಯುದ್ಧವಿಮಾನಗಳು. ಮೊದಲನೆಯದರ ಸಂಖ್ಯೆ ಎಎಫ್-27. 2014ರ ಜೂನ್ 23ರಂದು ಫ್ಲಾರಿಡಾದ ಎಗ್ಲಿನ್ ನೆಲೆಯಲ್ಲಿ ಅದು ಮೇಲೇರಲು ರನ್‌ವೇ ಮೇಲೆ ಓಡುತ್ತಿತ್ತು. ಎಂಜಿನ್ನಿನ ಫ್ಯಾನ್ ಭಾಗದ ಚಕ್ರವೊಂದು ಪಕ್ಕದ ಸೀಲಿಗೆ ಉಜ್ಜಿ, ಕಾದು, ಬಿರಿಯಿತು. ಚೂರುಗಳು ಇಂಧನದ ಟ್ಯಾಂಕನ್ನು ಸೀಳಿದವು. ಪೈಲಟ್ ಪಾರಾದರು. ಆದರೆ ವಿಮಾನದ ಹಿಂದಿನ ಮೂರನೇ ಎರಡು ಪಾಲು ಬೆಂಕಿಗೆ ಆಹುತಿಯಾಯಿತು. ಎರಡನೆಯದು ಎಎಫ್-211. 2020ರ ಜೂನ್‌ನಲ್ಲಿ ಯೂಟಾ ರಾಜ್ಯದ ಹಿಲ್ ನೆಲೆಯಲ್ಲಿ ಇಳಿಯುವಾಗ ಅದರ ಮುಂದಿನ ಗಾಲಿಯ ಕಾಲು ಕುಸಿಯಿತು. ಮೂತಿ ನೆಲಕ್ಕೆ ಬಡಿದು ಜಖಂ ಆಯಿತು. ಹಿಂದಿನ ದೇಹ, ರೆಕ್ಕೆ, ಬಾಲ ಎಲ್ಲ ನೆಟ್ಟಗಿದ್ದವು.

ಎಎಫ್-27ರ ಉಳಿದ ಮೂತಿಯನ್ನು ಗುಜರಿಗೆ ಹಾಕಿರಲಿಲ್ಲ. ಯುದ್ಧದಲ್ಲಿ ಪೆಟ್ಟು ತಿಂದ ವಿಮಾನವನ್ನು ಸರಿಪಡಿಸುವುದು ಹೇಗೆಂದು ತಂತ್ರಜ್ಞರಿಗೆ ಕಲಿಸಲು ಅದನ್ನು ಬೇರ್ಪಡಿಸಿ ಹಿಲ್ ನೆಲೆಗೆ ತಂದಿಟ್ಟಿದ್ದರು. ಹೀಗೆ ಪಾಠಕ್ಕೆಂದು ಉಳಿದ ಮೂತಿಯನ್ನು ಎಎಫ್-211ರ ದೇಹಕ್ಕೆ ಕೂಡಿಸುವ ಕೆಲಸ ಶುರುವಾಯಿತು. 2025ರ ಜನವರಿಯಲ್ಲಿ ಆ ವಿಮಾನ ಹಾರಿತು. ಆಮೇಲೆ ತಯಾರಕ ಕಂಪನಿ ಲಾಕ್‌ಹೀಡ್ ಮಾರ್ಟಿನ್‌ನ ಫೋರ್ಟ್ ವರ್ತ್ ಕಾರ್ಖಾನೆಯಲ್ಲಿ ಕೊನೆಯ ಕೆಲಸಗಳನ್ನು ಮುಗಿಸಿಕೊಂಡು ಹಿಲ್‌ನಲ್ಲಿರುವ ತನ್ನ ದಳಕ್ಕೆ ಮರಳಿತು. ಖರ್ಚು 1.17 ಕೋಟಿ ಡಾಲರ್, ಅಂದರೆ ಸುಮಾರು 100 ಕೋಟಿ ರೂಪಾಯಿ. ಹೊಸ ಎಫ್-35 ಕೊಳ್ಳಲು ಸುಮಾರು 8 ಕೋಟಿ ಡಾಲರ್ ಬೇಕು.

ಈ ಸುದ್ದಿ ಬಂದಾಗ ಹೆಚ್ಚಿನವರು ಮಾತಾಡಿದ್ದು ಉಳಿದ ಹಣದ ಬಗ್ಗೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಆ ಕೆಲಸ ನಡೆದ ಜಾಗ. ಎಫ್-35ರ ದೇಹ ಒಂದೇ ಕಡೆ ತಯಾರಾಗುವುದಿಲ್ಲ. ಮುಂಭಾಗ ಮತ್ತು ರೆಕ್ಕೆ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ, ನಡುದೇಹ ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿ, ಹಿಂಭಾಗ ಇಂಗ್ಲೆಂಡಿನ ಸ್ಯಾಮ್ಸ್‌ಬರಿಯಲ್ಲಿ. ಇವುಗಳನ್ನು ಕೂಡಿಸುವುದು ಕಾರ್ಖಾನೆಯೊಳಗಿನ ಭಾರಿ ಜಿಗ್‌ಗಳ ಮೇಲೆ. ಜಿಗ್ ಎಂದರೆ ಭಾಗಗಳನ್ನು ಒಂದಿನಿತೂ ಅಲುಗದಂತೆ ಹಿಡಿದಿಟ್ಟುಕೊಂಡು ಜೋಡಣೆಯ ಅಳತೆ ಕಾಯುವ ಚೌಕಟ್ಟು. ಹಿಲ್‌ನಲ್ಲಿರುವುದು ವಾಯುಪಡೆಯ ರಿಪೇರಿ ಡಿಪೊ, ಕಾರ್ಖಾನೆಯಲ್ಲ. ಅಲ್ಲಿಯ ತಂಡ ಈ ಒಂದು ಕೆಲಸಕ್ಕಾಗಿ ಹೊಸ ಆಧಾರ ಚೌಕಟ್ಟುಗಳನ್ನು, ಸಲಕರಣೆಗಳನ್ನು ರೂಪಿಸಿಕೊಳ್ಳಬೇಕಾಯಿತು. ಬೇಕಾದಲ್ಲಿಗೆ ಒಯ್ಯುವಂತೆಯೂ ಅವನ್ನು ಮಾಡಿಕೊಂಡರು. ಹಾಗಾಗಿ ಅಮೆರಿಕಕ್ಕೆ ದಕ್ಕಿದ್ದು ಒಂದು ವಿಮಾನ ಮಾತ್ರವಲ್ಲ, ಇಂಥ ಇನ್ನಷ್ಟು ವಿಮಾನಗಳನ್ನು ಎಬ್ಬಿಸುವ ಹತ್ಯಾರುಗಳೂ ಅವನ್ನು ಬಳಸಬಲ್ಲ ಕೈಗಳೂ ಆ ಹ್ಯಾಂಗರಿನಲ್ಲಿ ಉಳಿದವು.

ಕೂಡಿಸುವುದು ಕೊನೆಯ ಹಂತ. ಅದಕ್ಕೂ ಮೊದಲಿನ ಕೆಲಸ, ಏನು ಹಾಳಾಗಿದೆ ಎಂದು ಕಂಡುಹಿಡಿಯುವುದು. ಜಖಂಗೊಂಡ ಯುದ್ಧವಿಮಾನದಲ್ಲಿ ಕಣ್ಣಿಗೆ ಕಾಣುವ ತೂತು, ಸೀಳುಗಳು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಕಾಣದ್ದನ್ನು ಹುಡುಕುವುದೇ ಕಷ್ಟ. ಉದಾಹರಣೆಗೆ ಬೆಂಕಿ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬರುವುದು ಅದನ್ನು ಅಳೆದು ಕಾಯಿಸಿ ಹದ ಮಾಡಿದ್ದರಿಂದ. ಅಪಘಾತದ ಬಿಸಿ ಆ ಹದವನ್ನು ಕೆಡಿಸುತ್ತದೆ. ಕರಗದ, ಬಾಗದ, ಬಣ್ಣ ಕೂಡ ಹೋಗದ ಒಂದು ತಗಡು ಒಳಗೆ ತನ್ನ ಬಲವನ್ನು ಕಳೆದುಕೊಂಡಿರಬಹುದು. ಅದನ್ನು ಪತ್ತೆ ಮಾಡಲು ಲೋಹದ ಗಡಸುತನವನ್ನೂ ವಿದ್ಯುತ್ ಹರಿಯುವ ಗುಣವನ್ನೂ ಅಂಗುಲ ಅಂಗುಲವಾಗಿ ಅಳೆಯುತ್ತಾರೆ. ಹೊಳೆಯುವ ದ್ರವವನ್ನು ಲೋಹಕ್ಕೆ ಸವರಿ, ಒರೆಸಿ, ನೇರಳಾತೀತ ದೀಪದ ಕೆಳಗೆ ನೋಡಿದರೆ ಕೂದಲೆಳೆಯಂಥ ಬಿರುಕಿಗೆ ಇಳಿದ ದ್ರವ ಗೆರೆಯಾಗಿ ಹೊಳೆಯುತ್ತದೆ. ಇನ್ನೂ ಆಳದ ದೋಷಕ್ಕೆ ಶ್ರವಣಾತೀತ ತರಂಗ, ಎಕ್ಸ್-ರೇ ಬೇಕು.

ಕಾರ್ಬನ್ ನಾರನ್ನು ರಾಳದಲ್ಲಿ ಪದರಪದರವಾಗಿ ಅಂಟಿಸಿ ಮಾಡಿದ ಕಾಂಪೊಸಿಟ್ ಇನ್ನೂ ಮೋಸಗಾರ. ಹೊರಗಿನ ಮೈ ನುಣುಪಾಗಿಯೇ ಇರುತ್ತದೆ, ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ. ಎಷ್ಟೇ ಯಂತ್ರಗಳು ಬಂದರೂ ಇಂದಿಗೂ ಅನುಭವಿ ತಂತ್ರಜ್ಞರು ಮೊದಲು ಮಾಡುವುದು ಸಣ್ಣ ಸುತ್ತಿಗೆಯಿಂದಲೋ ನಾಣ್ಯದಿಂದಲೋ ತಟ್ಟಿ ಸದ್ದು ಕೇಳುವ ಕೆಲಸ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಬಿರುಕು ಕಂಡುಹಿಡಿಯುವ ಹಾಗೆ, ಗಟ್ಟಿ ಜಾಗ ಖಣಿಲ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಆಮೇಲೆ ಕೆಟ್ಟ ಪದರಗಳನ್ನು ಇಳಿಜಾರಾಗಿ ಕೆರೆದು ತೆಗೆಯಬೇಕು. ಅದೇ ದಿಕ್ಕಿಗೆ ನಾರು ಬರುವಂತೆ ಹೊಸ ಪದರಗಳನ್ನು ಕೂರಿಸಬೇಕು. ಮೇಲೆ ಚೀಲ ಹೊದಿಸಿ ಗಾಳಿ ಹೀರಿ ತೆಗೆದು, ಬಿಸಿಯ ಕಂಬಳಿ ಹಾಕಿ ಗಂಟೆಗಟ್ಟಲೆ ಹದವಾಗಿ ಕಾಯಿಸಬೇಕು.

ಇಲ್ಲೊಂದು ವಿಷಯವನ್ನು ಒತ್ತಿ ಹೇಳಬೇಕು. ಹೀಗೆ ಅಂಟಿಸಿದ ಮೇಲೆ ಒಳಗೆ ಗಾಳಿಗುಳ್ಳೆ ಉಳಿದಿದೆಯೇ ಎಂದು ಯಂತ್ರ ಹೇಳಬಲ್ಲದು. ಆದರೆ ಅಂಟು ಎಷ್ಟು ಬಲವಾಗಿ ಹಿಡಿದಿದೆ ಎಂಬುದನ್ನು, ಅದನ್ನು ಕಿತ್ತು ನೋಡದೆ, ಯಾವ ಪರೀಕ್ಷೆಯೂ ಖಚಿತವಾಗಿ ಹೇಳಲಾರದು. ಮೇಲ್ಮೈಯನ್ನು ಸರಿಯಾಗಿ ತೊಳೆದರೇ, ಬರಿಗೈ ತಾಗಿಸಿದರೇ, ಆ ದಿನ ಕೋಣೆಯ ತೇವಾಂಶ ಎಷ್ಟಿತ್ತು, ಕಾಯಿಸುವಾಗ ನಡುವೆ ಬಿಸಿ ಇಳಿಯಿತೇ ಎಂಬುದೆಲ್ಲ ಆ ಬಲವನ್ನು ತೀರ್ಮಾನಿಸುತ್ತದೆ. ಗುರುತ್ವದ ಎಂಟು ಒಂಬತ್ತು ಪಟ್ಟು ಒತ್ತಡದಲ್ಲಿ ವಿಮಾನ ತಿರುಗಿಸುವ ಪೈಲಟ್ ನಿಜವಾಗಿ ನಂಬುವುದು ತಾನು ಎಂದೂ ನೋಡಿರದ ಒಬ್ಬ ತಂತ್ರಜ್ಞರ ಶಿಸ್ತನ್ನು. ಪೈಲಟ್‌ಗಳ ಸಾಹಸವನ್ನು ನಾವು ಹಾಡಿ ಹೊಗಳುತ್ತೇವೆ, ಅದು ಸರಿಯೇ. ಈ ಕೈಗಳಿಗೂ ಅಷ್ಟೇ ಗೌರವ ಸಲ್ಲಬೇಕು.

ತೇಪೆಯ ಲೆಕ್ಕವೂ ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ. ದುರ್ಬಲ ತೇಪೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಅತಿ ಬಲವಾದ ತೇಪೆಯೂ ಅಪಾಯವೇ. ವಿಮಾನದ ದೇಹ ಹಾರಾಟದಲ್ಲಿ ಅಷ್ಟಿಷ್ಟು ಬಾಗುತ್ತದೆ, ಹಿಗ್ಗುತ್ತದೆ. ಒಂದು ಕಡೆ ದಪ್ಪ ತಗಡು ಹಾಕಿ ಬಿಗಿದರೆ ಆ ಜಾಗ ಬಾಗುವುದಿಲ್ಲ. ಸುತ್ತಲಿನ ಭಾರವೆಲ್ಲ ಅದರ ಕಡೆಗೆ ಹರಿದು ಬರುತ್ತದೆ. ನೂರಾರು ಹಾರಾಟಗಳ ನಂತರ ತೇಪೆಯ ಅಂಚಿನ ರಿವೆಟ್ ತೂತಿನಿಂದ ಬಿರುಕು ಹೊರಡುತ್ತದೆ. ಆದ್ದರಿಂದ ಮೂಲ ವಿನ್ಯಾಸಕರು ಆ ಜಾಗದಲ್ಲಿ ಎಷ್ಟು ಭಾರ ಲೆಕ್ಕ ಹಾಕಿದ್ದರು ಎಂಬುದು ಗೊತ್ತಿಲ್ಲದೆ ದೊಡ್ಡ ರಿಪೇರಿಗೆ ಕೈ ಹಾಕುವಂತಿಲ್ಲ. ಆ ಲೆಕ್ಕದ ಕಾಗದ ಯಾರ ಕಪಾಟಿನಲ್ಲಿದೆ? ವಿಮಾನವನ್ನು ಎಬ್ಬಿಸುವುದೋ ಬಿಡುವುದೋ ಎಂಬ ತೀರ್ಮಾನ ಬಹುಪಾಲು ಈ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ದಕ್ಷಿಣ ಕೊರಿಯಾದ ಅನುಭವ ನೋಡಿ. 2022ರ ಜನವರಿ 4ರಂದು ಅದರ ಎಫ್-35ಎ ವಿಮಾನವೊಂದಕ್ಕೆ ಸುಮಾರು 10 ಕಿಲೋ ತೂಕದ ಹದ್ದು ಬಡಿಯಿತು. ಲ್ಯಾಂಡಿಂಗ್ ಗೇರ್ ಕೆಳಗಿಳಿಯಲಿಲ್ಲ. ಪೈಲಟ್ ಸಿಯೋಸಾನ್ ನೆಲೆಯಲ್ಲಿ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿ ಬದುಕಿ ಬಂದರು. ಇಂಥ ವಿಮಾನವನ್ನು ಹಾಗೆ ಇಳಿಸುವುದು ಅಪರೂಪದ ಸಾಹಸ. ತಪಾಸಣೆಯಲ್ಲಿ ಸುಮಾರು 300 ಕಡೆ ಹಾನಿ ಕಂಡುಬಂತು. ರಿಪೇರಿಗೆ 140 ಶತಕೋಟಿ ವಾನ್ ಆಗುತ್ತದೆ, ವರ್ಷಗಳೇ ಹಿಡಿಯುತ್ತವೆ ಎಂದು ಅಂದಾಜು ಬಂತು. ಹೊಸ ವಿಮಾನದ ಬೆಲೆಯೇ ಸುಮಾರು 110 ಶತಕೋಟಿ ವಾನ್. 2023ರ ಕೊನೆಗೆ ಕೊರಿಯಾ ಆ ವಿಮಾನವನ್ನು ಸೇವೆಯಿಂದ ತೆಗೆದುಹಾಕಿತು. ಕೊರಿಯನ್ನರು ಹಡಗು ಕಟ್ಟುತ್ತಾರೆ, ಸ್ವಂತ ಯುದ್ಧವಿಮಾನ ರೂಪಿಸುತ್ತಾರೆ, ಎಂಜಿನಿಯರಿಂಗ್‌ನಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಈ ವಿಮಾನದ ಒಳಗುಟ್ಟು ಅವರದಲ್ಲ. ಹಾನಿಯ ಸ್ವರೂಪ ಬೇರೆ ಬೇರೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಅದೇ ಮಾದರಿಯ ವಿಮಾನ ಹಿಲ್‌ನಲ್ಲಿ ಮತ್ತೆ ಹಾರಿತು, ಕೊರಿಯಾದಲ್ಲಿ ಹಾರಲಿಲ್ಲ. ವಿಮಾನವೊಂದು ಪೂರ್ತಿಯಾಗಿ ನಮ್ಮದಾಗುವುದು ಬೆಲೆ ಕೊಟ್ಟ ದಿನವಲ್ಲ, ಅದನ್ನು ಬಿಚ್ಚಿ ಕೂಡಿಸಲು ನಮಗೆ ಬಂದ ದಿನ ಎಂದು ನಾನು ನಂಬಿರುವುದು ಇದರಿಂದಲೇ.

ಹಣದ ಲೆಕ್ಕ ಮೀರಿದ ಸಂದರ್ಭಗಳೂ ಇವೆ. ಅಮೆರಿಕದ ಎಫ್-22 ವಿಮಾನದ ತಯಾರಿಕೆ 2011ರ ಕೊನೆಗೆ ನಿಂತಿತು. ಕೆಲವೇ ತಿಂಗಳ ಬಳಿಕ, 2012ರ ಮೇ 31ರಂದು, ಟಿಂಡಾಲ್ ನೆಲೆಯಲ್ಲಿ ತರಬೇತಿಯಲ್ಲಿದ್ದ ಪೈಲಟ್ ಒಬ್ಬರು ರನ್‌ವೇ ಮುಟ್ಟಿ ಮತ್ತೆ ಮೇಲೇರುವಾಗ ಎಂಜಿನ್ನಿಗೆ ಸಾಕಷ್ಟು ಶಕ್ತಿ ಕೊಡುವ ಮೊದಲೇ ಗಾಲಿಗಳನ್ನು ಮೇಲೆಳೆದರು. ವಿಮಾನ ಹೊಟ್ಟೆ ಉಜ್ಜಿಕೊಂಡು ಜಾರಿತು. ಹಾನಿ ಸುಮಾರು 3.5 ಕೋಟಿ ಡಾಲರ್. ಅದು ಮತ್ತೆ ಹಾರಿದ್ದು 2018ರಲ್ಲಿ, ಸುಮಾರು ಆರು ವರ್ಷಗಳ ಬಳಿಕ. ಸೇವೆಗೆ ಸೇರಿದ ಎಫ್-22ಗಳು ಬರೀ 187. ಹೊಸದನ್ನು ಕೊಳ್ಳುವ ದಾರಿಯೇ ಮುಚ್ಚಿದಾಗ ಆರು ವರ್ಷ ಕಾದರೂ ಒಂದು ಹೆಚ್ಚೇ.

ಯುದ್ಧ ಶುರುವಾದರೆ ಈ ವರ್ಷಗಳ ಲೆಕ್ಕ ದಿನಗಳಿಗೆ, ಗಂಟೆಗಳಿಗೆ ಇಳಿಯುತ್ತದೆ. 1940ರ ಬೇಸಿಗೆಯಲ್ಲಿ ಜರ್ಮನಿಯ ವಾಯುದಾಳಿಯನ್ನು ಬ್ರಿಟನ್ ತಡೆದ ಕಥೆಯಲ್ಲಿ ಸ್ಪಿಟ್‌ಫೈರ್, ಹರಿಕೇನ್‌ಗಳ ಹೆಸರು ಎಲ್ಲರಿಗೂ ಗೊತ್ತು. ಆ ಬೇಸಿಗೆ ದಳಗಳಿಗೆ ತಲುಪಿದ ವಿಮಾನಗಳಲ್ಲಿ ಸುಮಾರು ಮೂರನೇ ಒಂದು ಪಾಲು ಹೊಸವಲ್ಲ, ಪೆಟ್ಟು ತಿಂದು ರಿಪೇರಿಯಾಗಿ ಬಂದವು ಎಂಬುದು ಅಷ್ಟಾಗಿ ಗೊತ್ತಿಲ್ಲ. ನಾಗರಿಕ ರಿಪೇರಿ ಸಂಘಟನೆ ಎಂಬ ವ್ಯವಸ್ಥೆ ಕಟ್ಟಿ, ಆಕ್ಸ್‌ಫರ್ಡ್ ಬಳಿಯ ಕೌಲಿಯಂಥ ಮೋಟಾರು ಕಾರ್ಖಾನೆಗಳ ಊರಿನಲ್ಲಿ ಸಾಮಾನ್ಯ ಕಾರ್ಮಿಕರನ್ನೇ ಈ ಕೆಲಸಕ್ಕೆ ಹಚ್ಚಿದ್ದರು. ಉಕ್ಕಿನ ಕೊಳವೆಯ ಹಂದರ, ಮರ, ಮೇಲೆ ಬಟ್ಟೆ ಹೊದಿಸಿದ ಹರಿಕೇನ್ ಬೇಗ ರಿಪೇರಿಯಾಗುತ್ತಿತ್ತು. ಲೋಹದ ಚರ್ಮವೇ ಭಾರ ಹೊರುವ ಸ್ಪಿಟ್‌ಫೈರ್ ಅಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ವಿಮಾನ ಮುಂದುವರಿದಷ್ಟೂ ರಿಪೇರಿ ಕಷ್ಟವಾಗುವ ಆ ದಾರಿಯ ಇಂದಿನ ತುದಿಯಲ್ಲಿ, ರೇಡಾರ್ ಕಣ್ಣು ತಪ್ಪಿಸುವ ಲೇಪನ ಹೊತ್ತ ಎಫ್-35 ನಿಂತಿದೆ. ಅದರ ಮೈಮೇಲೆ ಮಾಡಿದ ರಿಪೇರಿ ಗಟ್ಟಿಯಾಗಿದ್ದರೆ ಸಾಲದು, ರೇಡಾರಿಗೆ ಕಾಣಿಸದಂತೆಯೂ ಇರಬೇಕು.

ಹಳೆಯ ಮಾದರಿಯ ಜೆಟ್‌ಗಳು ಎಷ್ಟು ತಾಳಿಕೊಳ್ಳುತ್ತಿದ್ದವು ಎಂಬುದಕ್ಕೆ 1983ರ ಇಸ್ರೇಲಿನ ಎಫ್-15 ಸಾಕ್ಷಿ. ತರಬೇತಿ ಕಾಳಗದಲ್ಲಿ ಸ್ಕೈಹಾಕ್ ವಿಮಾನಕ್ಕೆ ಡಿಕ್ಕಿಯಾಗಿ ಅದರ ಬಲರೆಕ್ಕೆ ಬಹುತೇಕ ಪೂರ್ತಿ ಹೋಯಿತು. ಪೈಲಟ್ ಜಿವಿ ನೆದಿವಿ ಅದನ್ನು ಒಂದೇ ರೆಕ್ಕೆಯಲ್ಲಿ, ಸಾಮಾನ್ಯಕ್ಕಿಂತ ಸುಮಾರು ದುಪ್ಪಟ್ಟು ವೇಗದಲ್ಲಿ ರಾಮೋನ್ ನೆಲೆಗೆ ಇಳಿಸಿದರು. ಎರಡು ತಿಂಗಳಲ್ಲಿ ಹೊಸ ರೆಕ್ಕೆ ಹಾಕಿಸಿಕೊಂಡು ವಿಮಾನ ದಳಕ್ಕೆ ಮರಳಿತು.

ರಿಪೇರಿ ಮಾಡುವ ಜಾಗಕ್ಕೆ ಶತ್ರು ಕೊಡುವ ಬೆಲೆಯನ್ನೂ ಗಮನಿಸಬೇಕು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಹೂಡಿದ ರಷ್ಯಾ ಒಂದು ತಿಂಗಳೂ ತುಂಬುವ ಮೊದಲೇ, ಮಾರ್ಚ್ 18ರಂದು, ತನ್ನ ಗಡಿಯಿಂದ ದೂರದ ಲ್ವಿವ್ ನಗರದ ವಿಮಾನ ರಿಪೇರಿ ಕಾರ್ಖಾನೆಯ ಮೇಲೆ ಕ್ಷಿಪಣಿ ಹಾಕಿತು. ಮಿಗ್-29ಗಳನ್ನು ಸರಿಪಡಿಸುತ್ತಿದ್ದ ಕಾರ್ಖಾನೆ ಅದು.

ಈ ವಿಷಯದಲ್ಲಿ ನಮ್ಮ ಬೆಂಗಳೂರಿಗೆ ಒಂದು ದೊಡ್ಡ ಚರಿತ್ರೆಯಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆ ಹಾಕಿದ್ದು ವಿಮಾನ ಕಟ್ಟಲಿಕ್ಕೆ. ಎರಡನೇ ಮಹಾಯುದ್ಧ ಪೂರ್ವದ ದೇಶಗಳಿಗೆ ಬಂದಾಗ ಕಾರ್ಖಾನೆ ಅಮೆರಿಕನ್ ಸೇನೆಯ ಉಸ್ತುವಾರಿಗೆ ಹೋಯಿತು. ಅಲ್ಲಿ ಮುಖ್ಯವಾಗಿ ನಡೆದದ್ದು ರಿಪೇರಿ ಮತ್ತು ಓವರ್‌ಹಾಲ್. ಸಾಗಣೆ ವಿಮಾನ, ಬಾಂಬರ್, ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ಹೀಗೆ ಬಗೆಬಗೆಯವನ್ನು ಬಿಚ್ಚಿ ಕೂಡಿಸುತ್ತ ಸಾವಿರಾರು ಜನ ಕೆಲಸ ಕಲಿತರು.

ಆ ಕಲಿಕೆ ಫಲ ಕೊಟ್ಟದ್ದು ಸ್ವಾತಂತ್ರ್ಯದ ನಂತರ. ಯುದ್ಧ ಮುಗಿಸಿದ ಬ್ರಿಟಿಷ್ ವಾಯುಪಡೆ ಕಾನ್ಪುರದಲ್ಲಿ ಅಮೆರಿಕ ಕೊಟ್ಟಿದ್ದ ಲಿಬರೇಟರ್ ಬಾಂಬರ್‌ಗಳ ರಾಶಿಯನ್ನೇ ಬಿಟ್ಟುಹೋಗಿತ್ತು. ಅವು ಯಾರಿಗೂ ಉಪಯೋಗಕ್ಕೆ ಬಾರದಂತೆ ಬೇಕೆಂದೇ ಹಾಳುಗೆಡವಿದ್ದರು. ಉಪಕರಣಗಳನ್ನು ಒಡೆದಿದ್ದರು, ಎಂಜಿನ್ನಿಗೆ ಮರಳು ಸುರಿದಿದ್ದರು, ದೇಹಗಳನ್ನು ಜಜ್ಜಿದ್ದರು. ಹೊಸ ದೇಶಕ್ಕೆ ದೂರ ಹಾರುವ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. ಬೆಂಗಳೂರಿನ ತಂತ್ರಜ್ಞರು ಕಾನ್ಪುರಕ್ಕೆ ಹೋದರು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರು ತಲುಪುವಷ್ಟರ ಮಟ್ಟಿಗೆ ಮಾತ್ರ ಸರಿಪಡಿಸಿದರು. ಕಾರ್ಖಾನೆಯ ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾಯಿತು. 1948ರ ನವೆಂಬರ್‌ನಲ್ಲಿ ಈ ಲಿಬರೇಟರ್‌ಗಳಿಂದಲೇ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್, ನಮ್ಮ ಮೊದಲ ಭಾರಿ ಬಾಂಬರ್ ದಳ, ಕಟ್ಟಲ್ಪಟ್ಟಿತು. ನಲವತ್ತಕ್ಕೂ ಹೆಚ್ಚು ವಿಮಾನಗಳು ಹೀಗೆ ಎದ್ದವು. ಆಮೇಲೆ ಕಡಲ ಕಾವಲಿಗೆ ಹೋದವುಗಳು 1968ರವರೆಗೂ ಹಾರಿದವು. ಇವತ್ತು ಬ್ರಿಟನ್, ಅಮೆರಿಕ, ಕೆನಡಾಗಳ ವಸ್ತುಸಂಗ್ರಹಾಲಯಗಳು ಹೆಮ್ಮೆಯಿಂದ ತೋರಿಸುವ ಕೆಲವು ಲಿಬರೇಟರ್‌ಗಳು ಭಾರತದಿಂದ ಹೋದವು. ಇವು ಜೆಟ್‌ಗಳಲ್ಲ, ಯುದ್ಧವಿಮಾನಗಳ ಸಾಲಿಗೆ ಬಾಂಬರನ್ನು ಸೇರಿಸಬಾರದು ಎನ್ನುವವರಿರಬಹುದು. ಆದರೆ ನಮ್ಮ ಕೈ ಏನನ್ನು ಮಾಡಬಲ್ಲದು ಎಂದು ಕೇಳುವವರಿಗೆ ತೋರಿಸಲು ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಈಗಿನ ಸ್ಥಿತಿಗೆ ಬರೋಣ. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ದಳಗಳು 42. 2025ರ ಸೆಪ್ಟೆಂಬರ್ 26ರಂದು ಮಿಗ್-21 ವಿದಾಯ ಹೇಳಿದ ಮೇಲೆ ಉಳಿದದ್ದು 29. ಇಂಥ ಹೊತ್ತಿನಲ್ಲಿ ರಿಪೇರಿಗೆಂದು ನಿಂತ ಪ್ರತಿ ವಿಮಾನವೂ ಲೆಕ್ಕಕ್ಕೆ ಬರುತ್ತದೆ. ಸುಖೋಯ್-30ರ ಓವರ್‌ಹಾಲ್ ನಾಸಿಕ್‌ನ ಎಚ್‌ಎಎಲ್‌ನಲ್ಲಿ ನಡೆಯುತ್ತದೆ. ಪಕ್ಕದ ಓಝರ್‌ನಲ್ಲಿ ವಾಯುಪಡೆಯದೇ ಆದ 11ನೇ ಬೇಸ್ ರಿಪೇರಿ ಡಿಪೊ ಇದೆ, ಮಿಗ್-29ಗಳು ಆಧುನಿಕವಾದದ್ದು ಅಲ್ಲಿ. ಮಿರಾಜ್, ಜಾಗ್ವಾರ್‌ಗಳು ಬೆಂಗಳೂರಿಗೆ ಬರುತ್ತವೆ. ಸೇನಾ ವಿಮಾನಗಳ ಹಾರಾಟ ಯೋಗ್ಯತೆಗೆ ಮುದ್ರೆ ಒತ್ತುವ ಸೆಮಿಲ್ಯಾಕ್, ಕಾಂಪೊಸಿಟ್‌ಗಳಲ್ಲಿ ದಶಕಗಳ ಅನುಭವವಿರುವ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎರಡೂ ಇದೇ ಊರಿನಲ್ಲಿವೆ. ಇಷ್ಟೆಲ್ಲ ಇದ್ದೂ ಜಾಗ್ವಾರ್‌ನಂಥ ವಿಮಾನಕ್ಕೆ ಬಿಡಿಭಾಗ ಹುಡುಕಲು ನಾವು ಫ್ರಾನ್ಸ್ ಕಳಚಿಟ್ಟ ಹಳೆಯ ದೇಹಗಳನ್ನು ತರಿಸಿಕೊಳ್ಳಬೇಕಾಯಿತು. ಜಗತ್ತಿನಲ್ಲಿ ಈಗ ಅದನ್ನು ಹಾರಿಸುತ್ತಿರುವವರು ನಾವೊಬ್ಬರೇ.

ರಿಪೇರಿಯೋ ಆಧುನೀಕರಣವೋ, ದೇಹ ಬಿಚ್ಚಿ ಕೂಡಿಸಿದ ವಿಮಾನವನ್ನು ಮೊದಲು ಹಾರಿಸುವವರು ಟೆಸ್ಟ್ ಪೈಲಟ್‌ಗಳು. ಎಂಜಿನ್ನನ್ನು ನೆಲದ ಮೇಲೆ ಓಡಿಸಿ ನೋಡಿ, ರನ್‌ವೇ ಮೇಲೆ ಮೆಲ್ಲಗೆ, ಆಮೇಲೆ ವೇಗವಾಗಿ ಓಡಿಸಿ, ಎಲ್ಲ ಸರಿಯೆನಿಸಿದ ಮೇಲಷ್ಟೇ ಹಾರುತ್ತಾರೆ. ಆದರೂ ಅಪಾಯ ಪೂರ್ತಿ ತಪ್ಪುವುದಿಲ್ಲ. 2019ರ ಫೆಬ್ರುವರಿ 1ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಆಧುನೀಕರಿಸಿದ ಮಿರಾಜ್-2000 ವಿಮಾನದ ಒಪ್ಪಿಗೆ ಹಾರಾಟಕ್ಕೆ ಹೊರಟ ಸ್ಕ್ವಾಡ್ರನ್ ಲೀಡರ್‌ಗಳಾದ ಸಮೀರ್ ಅಬ್ರೋಲ್ ಮತ್ತು ಸಿದ್ಧಾರ್ಥ ನೇಗಿ ಪ್ರಾಣ ಕಳೆದುಕೊಂಡರು. ಈ ಕೆಲಸದ ಬಗ್ಗೆ ಬರೆಯುವಾಗ ಅವರಿಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು.

2025ರ ಜೂನ್ 14ರಂದು ಬ್ರಿಟನ್ನಿನ ಎಫ್-35ಬಿ ತಿರುವನಂತಪುರದಲ್ಲಿ ಇಳಿದು, ಹೈಡ್ರಾಲಿಕ್ ದೋಷದಿಂದ ಅಲ್ಲೇ ನಿಂತದ್ದು ಓದುಗರಿಗೆ ನೆನಪಿರುತ್ತದೆ. ಜನ ನಕ್ಕರು, ಮೀಮ್‌ಗಳು ಹರಿದಾಡಿದವು. ಅದರಲ್ಲಿ ನಗುವಂಥದ್ದು ನನಗೇನೂ ಕಾಣಲಿಲ್ಲ. ಬ್ರಿಟನ್ ತನ್ನದೇ ಎಂಜಿನಿಯರುಗಳ ತಂಡವನ್ನು, ತನ್ನದೇ ಸಲಕರಣೆಗಳನ್ನು ವಿಮಾನದಲ್ಲಿ ಕಳಿಸಿತು. ಅವರು ಅದನ್ನು ಹ್ಯಾಂಗರಿಗೆ ಎಳೆದು ಸರಿಪಡಿಸಿ, ಜುಲೈ 22ರಂದು ಹಾರಿಸಿಕೊಂಡು ಹೋದರು. ಪರದೇಶದಲ್ಲಿ ಕೆಟ್ಟು ನಿಂತರೂ ತಮ್ಮ ಜನ, ತಮ್ಮ ಹತ್ಯಾರು ಅಲ್ಲಿಗೆ ತಲುಪುತ್ತವೆ ಎಂಬ ಏರ್ಪಾಡು ಅವರಿಗಿತ್ತು.

ನಾವೇ ರೂಪಿಸಿದ ತೇಜಸ್ ವಿಷಯದಲ್ಲಿ ನಮಗೆ ಈ ಚಿಂತೆ ಕಡಿಮೆ. ದೇಹದ ನಕ್ಷೆ, ಲೆಕ್ಕ ಬೆಂಗಳೂರಿನಲ್ಲೇ ಇವೆ, ಅವನ್ನು ಹಾಕಿದ ಎಂಜಿನಿಯರುಗಳೂ ಇಲ್ಲೇ ಇದ್ದಾರೆ. ಎಂಜಿನ್ ಮಾತ್ರ ಅಮೆರಿಕದ್ದು. ನಿಜವಾಗಿ ಗಮನ ಕೊಡಬೇಕಾದದ್ದು ರಫೇಲ್ ಕಡೆಗೆ. 2025ರ ಜೂನ್‌ನಲ್ಲಿ ಅದನ್ನು ತಯಾರಿಸುವ ಫ್ರಾನ್ಸಿನ ಡಸಾಲ್ಟ್ ಮತ್ತು ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ನಡುವೆ ಒಪ್ಪಂದವಾಗಿದೆ. ರಫೇಲ್‌ನ ಮುಂಭಾಗ, ನಡುದೇಹ, ಹಿಂಭಾಗಗಳನ್ನು ಹೈದರಾಬಾದ್‌ನಲ್ಲಿ ತಯಾರಿಸುತ್ತಾರೆ. ಮೊದಲ ದೇಹಗಳು 2028ರ ಹಣಕಾಸು ವರ್ಷದಲ್ಲಿ ಹೊರಬರಬೇಕು, ತಿಂಗಳಿಗೆ ಎರಡರವರೆಗೆ ತಯಾರಾಗಬೇಕು. ಅಂದರೆ ಆ ವಿಮಾನದ ಜೋಡಣೆಯ ಜಿಗ್‌ಗಳು ಮೊದಲ ಬಾರಿಗೆ ಫ್ರಾನ್ಸ್‌ನ ಹೊರಗೆ, ನಮ್ಮ ನೆಲದಲ್ಲಿ ನಿಲ್ಲುತ್ತವೆ. ತಯಾರಿಕೆಗೆ ಬಂದ ಜಿಗ್ ರಿಪೇರಿಗೂ ಒದಗುತ್ತದೆ, ಆದರೆ ಒಪ್ಪಂದ ಅವಕಾಶ ಕೊಟ್ಟರೆ ಮಾತ್ರ. ನಮ್ಮ ರಫೇಲ್ ಒಂದು ಜಖಂಗೊಂಡರೆ ಅದನ್ನು ಆ ಜಿಗ್‌ಗಳ ಮೇಲೆ ಏರಿಸುವ ಹಕ್ಕು ನಮಗಿದೆಯೇ? ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂಬ ಲೆಕ್ಕದ ಕಾಗದ ನಮ್ಮ ಎಂಜಿನಿಯರುಗಳ ಕೈಗೆ ಸಿಗುತ್ತದೆಯೇ? ರಿಪೇರಿಯ ಯೋಜನೆಗೆ ಒಪ್ಪಿಗೆ ಬೆಂಗಳೂರಿನಲ್ಲೇ ಸಿಗುವುದೋ, ಪ್ಯಾರಿಸ್ಸಿಗೆ ಬರೆದು ಕಾಯಬೇಕೋ? ಇನ್ನಷ್ಟು ರಫೇಲ್ ಕೊಳ್ಳುವ ಮಾತು ನಡೆದಿರುವಾಗ, ಬೆಲೆಯ ಚೌಕಾಸಿಯ ಜೊತೆಗೆ ಈ ಮೂರು ಪ್ರಶ್ನೆಗಳಿಗೂ ಸಹಿ ಬೀಳುವ ಮೊದಲೇ ಲಿಖಿತ ಉತ್ತರ ಪಡೆದುಕೊಳ್ಳಬೇಕು.